ಗಣಿಕೆ ಸೊಪ್ಪು ತಿನ್ನಬಹುದೇ? ಅದರ ಹಸಿರು ಕಾಯಿ ಮಗು ನುಂಗಿದರೆ?

ಓದುಗರ ಪ್ರಶ್ನೆ

"ನಮಸ್ಕಾರ ಸರ್. ನಾವಿರುವುದು ಮೈಸೂರಿನ ಹೊರವಲಯದ ಬಡಾವಣೆಯಲ್ಲಿ. ಮಳೆ ಶುರುವಾದ ಮೇಲೆ ಪಕ್ಕದ ಖಾಲಿ ಸೈಟಿನಲ್ಲಿ ಗಣಿಕೆ ಸೊಪ್ಪು ತಾನಾಗಿ ಎದ್ದಿದೆ. ನಮ್ಮತ್ತೆ ಸಕಲೇಶಪುರದ ಕಡೆಯವರು. ವಾರಕ್ಕೊಂದು ಸಲ ಕೊಯ್ದು ತಂದು ತಂಬುಳಿಯೋ ಬಸ್ಸಾರೋ ಮಾಡುತ್ತಾರೆ. ಕಳೆದ ವಾರ ಜರ್ಮನಿಯಲ್ಲಿರುವ ನಾದಿನಿ ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿ, ಯಾವುದೋ ಆ್ಯಪ್‌ಗೆ ಫೋಟೊ ಹಾಕಿ, 'ಇದು ನೈಟ್‌ಶೇಡ್, ಜೀವ ತೆಗೆಯುವ ವಿಷ, ಮೊದಲು ಎಸೀರಿ' ಎಂದಳು. ಅದೇ ದಿನ ಸಂಜೆ ನನ್ನ ನಾಲ್ಕು ವರ್ಷದ ಮಗ ಆ ಗಿಡದ ಹಸಿರು ಕಾಯಿ ಐದಾರು ತಿಂದುಬಿಟ್ಟಿದ್ದ. ರಾತ್ರಿ ಹೊಟ್ಟೆನೋವು ಅಂದ, ಒಂದು ಸಲ ವಾಂತಿ ಮಾಡಿದ, ಬೆಳಗ್ಗೆ ಎಂದಿನಂತೆ ಆಡಿಕೊಂಡಿದ್ದ. ಅತ್ತೆ 'ನಾವು ಹುಟ್ಟಿದಾಗಿಂದ ತಿಂದಿದ್ದೀವಿ, ಯಾರಿಗೂ ಏನೂ ಆಗಿಲ್ಲ' ಎನ್ನುತ್ತಾರೆ. ನನ್ನ ಗಂಡ ಗಿಡವನ್ನೆಲ್ಲ ಕೀಳಿಸುತ್ತೇನೆ ಎನ್ನುತ್ತಾರೆ. ಇದರ ಮಧ್ಯೆ ನೆಂಟರೊಬ್ಬರು ಮಾವನವರ ಫ್ಯಾಟಿ ಲಿವರ್‌ಗೆ ಇದರ ಹಸಿ ರಸ ದಿನಾ ಖಾಲಿ ಹೊಟ್ಟೆಗೆ ಕುಡಿಯಲು ಹೇಳಿದ್ದಾರೆ. ಯಾರ ಮಾತು ಕೇಳಲಿ? ಗಿಡದ ಫೋಟೊ ಕಳಿಸಿದ್ದೇನೆ."

ಉತ್ತರ

ಮೊದಲು ಮಗುವಿನ ವಿಷಯ. ನಾನು ಸಸ್ಯಶಾಸ್ತ್ರದವನು, ವೈದ್ಯನಲ್ಲ. ಆದರೆ ಹೊಲಬದುವಿನ ಸೊಪ್ಪುಗಳ ಜೊತೆಗೇ ಕೆಲಸ ಮಾಡುವುದರಿಂದ ಇಂಥ ಪ್ರಶ್ನೆ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ಕಾಯಿ ತಿಂದ ಕೆಲವು ಗಂಟೆಗಳ ಮೇಲೆ ಹೊಟ್ಟೆನೋವು, ವಾಂತಿ, ಕೆಲವೊಮ್ಮೆ ಭೇದಿ, ತಲೆನೋವು: ಗಣಿಕೆಯ ಹಸಿರು ಕಾಯಿಯಿಂದ ಆಗುವ ತೊಂದರೆ ಸಾಮಾನ್ಯವಾಗಿ ಹೀಗೇ ಇರುತ್ತದೆ. ಅದು ತಿಂದ ಕೂಡಲೇ ಕಾಣದೆ, ಅರ್ಧ ದಿನದವರೆಗೂ ತಡವಾಗಿ ಕಾಣಬಹುದು. ಅಷ್ಟರಲ್ಲಿ ಮನೆಯವರು ಕಾಯಿಯ ವಿಷಯ ಮರೆತು ಮಧ್ಯಾಹ್ನದ ಊಟವನ್ನೋ ಹೊರಗಿನ ತಿಂಡಿಯನ್ನೋ ದೂರುತ್ತಾರೆ. ನಿಮ್ಮ ಮಗ ಮರುದಿನವೇ ಚೇತರಿಸಿಕೊಂಡು ಈಗ ವಾರವಾಗಿದೆ, ಹಾಗಾಗಿ ಆ ಕಾಯಿಂದ ಇನ್ನು ಹೊಸ ತೊಂದರೆ ಬರಲಿಕ್ಕಿಲ್ಲ. ಮುಂದಿನ ಸಲ ಮಕ್ಕಳ ವೈದ್ಯರನ್ನು ಕಂಡಾಗ ಈ ಸಂಗತಿ ಹೇಳಿಡಿ.

ಮತ್ತೆಂದಾದರೂ ಹೀಗಾದರೆ ಬಾಯಿಯಲ್ಲಿ ಉಳಿದದ್ದನ್ನು ಬೆರಳಿನಿಂದ ತೆಗೆದು ನೀರಿನಲ್ಲಿ ಮುಕ್ಕಳಿಸಿಸಿ. ಉಪ್ಪುನೀರು ಕುಡಿಸಿಯೋ ಗಂಟಲಿಗೆ ಬೆರಳು ಹಾಕಿಯೋ ವಾಂತಿ ಮಾಡಿಸಲು ಹೋಗಬೇಡಿ. ಕಾಯಿ ಇರುವ ಒಂದು ಟೊಂಗೆ ಮುರಿದು ಕವರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗಿ. ಆ ಟೊಂಗೆ ಇದ್ದರೆ ವೈದ್ಯರ ಕೆಲಸ ಅರ್ಧ ಹಗುರ. ದೆಹಲಿಯ ಏಮ್ಸ್‌ನಲ್ಲಿ ದಿನದ 24 ಗಂಟೆ ಕೆಲಸ ಮಾಡುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ, ನಿಮ್ಮ ವೈದ್ಯರು ಅಲ್ಲಿ ವಿಚಾರಿಸಬಹುದು. ಮಗು ಮಂಪರಿನಲ್ಲಿದ್ದರೆ, ಉಸಿರು ನಿಧಾನವಾದರೆ, ಕಣ್ಣಿನ ಪಾಪೆ ದೊಡ್ಡದಾಗಿ ಮೈ ಕೆಂಪೇರಿ ಇಲ್ಲದ್ದನ್ನೆಲ್ಲ ಬಡಬಡಿಸಿದರೆ ಒಂದು ನಿಮಿಷವೂ ಕಾಯಬೇಡಿ. ಕೊನೆಯ ಲಕ್ಷಣಗಳು ಗಣಿಕೆಯವಲ್ಲ, ದತ್ತೂರಿಯವು. ಅದಕ್ಕೆ ಮುಂದೆ ಬರುತ್ತೇನೆ.

ಇನ್ನು ನಿಮ್ಮ ನಾದಿನಿ ಹೇಳಿದ್ದು. ಅವರ ಗಾಬರಿಗೆ ಕಾರಣವಿದೆ. ಯುರೋಪಿನಲ್ಲಿ 'ಡೆಡ್ಲಿ ನೈಟ್‌ಶೇಡ್' ಎಂಬ ಗಿಡ ನಿಜಕ್ಕೂ ಇದೆ. ಅದರ ಸಸ್ಯಶಾಸ್ತ್ರೀಯ ಹೆಸರು ಅಟ್ರೋಪಾ ಬೆಲಡೋನಾ, ಅದರಲ್ಲಿರುವುದು ಅಟ್ರೋಪಿನ್, ಜೀವಕ್ಕೆ ಅಪಾಯ ತರುವಂಥದ್ದು. ನಮ್ಮ ಗಣಿಕೆಗೆ ಇಂಗ್ಲಿಷಿನಲ್ಲಿ 'ಬ್ಲ್ಯಾಕ್ ನೈಟ್‌ಶೇಡ್' ಎನ್ನುತ್ತಾರೆ. ಇದು ಸೊಲಾನಮ್ ಕುಲದ್ದು, ಬದನೆ, ಆಲೂಗಡ್ಡೆ, ಟೊಮ್ಯಾಟೊ ಇರುವ ಕುಲ. ಎರಡೂ ಒಂದೇ ದೊಡ್ಡ ಕುಟುಂಬಕ್ಕೆ ಸೇರಿದರೂ ಬೇರೆ ಬೇರೆ ಗಿಡಗಳು, ಒಳಗಿರುವ ರಾಸಾಯನಿಕಗಳೂ ಬೇರೆ. ಬೆಲಡೋನಾ ಕರ್ನಾಟಕದಲ್ಲಿ ಕಾಡುಗಿಡವಾಗಿ ಬೆಳೆಯುವುದಿಲ್ಲ. ಅದರ ಹತ್ತಿರದ ಸಂಬಂಧಿ ಇರುವುದು ಕಾಶ್ಮೀರ, ಹಿಮಾಚಲದ ಕಡೆ. ಮೈಸೂರಿನ ಖಾಲಿ ಸೈಟಿನಲ್ಲಿ ಅದು ಎದ್ದಿರುವ ಭಯವನ್ನು ನೀವು ಪೂರ್ತಿ ಬಿಡಬಹುದು.

ಹಾಗೆಂದು ನಾದಿನಿಗೆ 'ಇದು ನಮ್ಮ ಗಣಿಕೆ, ಧಾರಾಳವಾಗಿ ತಿನ್ನು' ಎಂದು ಅಲ್ಲಿಯ ಬೇಲಿಯಿಂದ ಕೊಯ್ಯಲು ಹೇಳಬೇಡಿ. ಜರ್ಮನಿಯ ಕಾಡಂಚಿನಲ್ಲಿ ಬೆಲಡೋನಾ ಇದೆ. ಬೇಲಿಗೆ ಹಬ್ಬುವ, ನೇರಳೆ ಹೂವಿನ, ಕೆಂಪು ಹಣ್ಣಿನ ಇನ್ನೊಂದು ವಿಷದ ಸೊಲಾನಮ್ ಕೂಡ ಇದೆ. ಅವರ ಊರಿನಲ್ಲಿ ಅವರ ಎಚ್ಚರಿಕೆಯೇ ಸರಿ.

ಗಣಿಕೆ ಎಂದು ನಾವು ಕರೆಯುವುದರೊಳಗೇ ಹಲವು ಜಾತಿಗಳಿವೆ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಸೊಲಾನಮ್ ನೈಗ್ರಮ್ ಎಂದು ಹೆಸರಿಟ್ಟದ್ದು ಒಂದು, ಹೊಳೆಯುವ ಸಣ್ಣ ಕಪ್ಪು ಹಣ್ಣಿನ ಸೊಲಾನಮ್ ಅಮೆರಿಕಾನಮ್ ಇನ್ನೊಂದು, ಕಿತ್ತಳೆಗೆಂಪು ಹಣ್ಣಿನ ಸೊಲಾನಮ್ ವಿಲ್ಲೋಸಮ್ ಮತ್ತೊಂದು. ಪುಸ್ತಕಗಳು ಬಹಳ ಕಾಲ ಎಲ್ಲವನ್ನೂ ನೈಗ್ರಮ್ ಎಂದೇ ಬರೆದವು. ನೀವು ಕಳಿಸಿದ ಫೋಟೊದಲ್ಲಿ ಹಣ್ಣು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದೆ, ಹಣ್ಣಿನ ನೆತ್ತಿಯ ಹಸಿರು ಟೋಪಿಯ ಎಸಳುಗಳು ಹಿಂದಕ್ಕೆ ಮಡಚಿಕೊಂಡಿವೆ, ಗೊಂಚಲಿನ ತೊಟ್ಟುಗಳೆಲ್ಲ ಒಂದೇ ಬಿಂದುವಿನಿಂದ ಹೊರಟಿವೆ. ಅದು ಅಮೆರಿಕಾನಮ್ ಗುಂಪಿನದು ಎಂದು ಕಾಣುತ್ತದೆ. ಅಡುಗೆಮನೆಯ ಮಟ್ಟಿಗೆ ಇದರಿಂದ ವ್ಯತ್ಯಾಸವೇನೂ ಇಲ್ಲ. ಆದರೆ ಒಬ್ಬರ ಊರಿನ ಗಣಿಕೆ ಸಪ್ಪೆ, ಇನ್ನೊಬ್ಬರ ಊರಿನದು ನಾಲಿಗೆಗೆ ಇಡಲಾರದಷ್ಟು ಕಹಿ ಏಕೆ ಎಂಬುದಕ್ಕೆ ಇದೂ ಒಂದು ಕಾರಣ.

ಗುರುತು ಹಿಡಿಯುವುದು ಹೇಗೆ? ಎಲೆಯೊಂದನ್ನೇ ನೋಡಿ ಗುರುತು ಹಿಡಿಯುತ್ತೇನೆ ಎನ್ನುವವರನ್ನು, ಅವರು ಎಷ್ಟೇ ಅನುಭವಿಗಳಾಗಿರಲಿ, ನಾನು ತಡೆಯುತ್ತೇನೆ. ಮೊಳಕಾಲಿನಿಂದ ಸೊಂಟದೆತ್ತರದ ಗಿಡ, ಮೆದು ಕಾಂಡ, ಮುಳ್ಳಿಲ್ಲ. ಎಲೆ ಮೊಟ್ಟೆಯಾಕಾರ, ತುದಿ ಚೂಪು, ಅಂಚು ನೇರ ಇರಬಹುದು ಇಲ್ಲವೇ ಅಲೆಯಲೆಯಾಗಿರಬಹುದು, ಎಲೆಯ ಬುಡ ತೊಟ್ಟಿನ ಮೇಲೆ ಸ್ವಲ್ಪ ಇಳಿದಿರುತ್ತದೆ. ಇಷ್ಟಕ್ಕೇ ನಿಂತರೆ ಮೆಣಸಿನ ಸಸಿಗೂ ಇದಕ್ಕೂ ವ್ಯತ್ಯಾಸ ಸಿಗುವುದಿಲ್ಲ. ಹೂವು ನೋಡಿ: ಬೆರಳುಗುರಿಗಿಂತ ಚಿಕ್ಕ ಬಿಳಿ ಹೂವು, ಐದು ಎಸಳು, ಅರಳಿದ ಮೇಲೆ ಹಿಂದಕ್ಕೆ ಬಾಗುತ್ತವೆ, ನಡುವೆ ಟೊಮ್ಯಾಟೊ ಹೂವಿನಲ್ಲಿರುವಂಥ ಹಳದಿ ಕೋನ ಮುಂದಕ್ಕೆ ಚಾಚಿರುತ್ತದೆ. ಹೂಗೊಂಚಲು ಹುಟ್ಟುವ ಜಾಗವನ್ನು ಗಮನಿಸಿ. ಬಹಳಷ್ಟು ಗಿಡಗಳಲ್ಲಿ ಅದು ಎಲೆಯ ಕಂಕುಳಿನಿಂದ, ಅಂದರೆ ಎಲೆತೊಟ್ಟು ಕಾಂಡಕ್ಕೆ ಸೇರುವ ಮೂಲೆಯಿಂದ ಬರುತ್ತದೆ. ಗಣಿಕೆಯಲ್ಲಿ ಎರಡು ಎಲೆಗಳ ನಡುವಿನ ಬರಿಯ ಕಾಂಡದಿಂದ, ಯಾರೋ ಅಂಟಿಸಿದಂತೆ ಹೊರಡುತ್ತದೆ. ಕಾಯಿ ಬಟಾಣಿಗಿಂತ ಸಣ್ಣದು, ಗೊಂಚಲಿನಲ್ಲಿ ನಾಲ್ಕರಿಂದ ಎಂಟು, ಒಡೆದರೆ ರಸದೊಳಗೆ ಚಪ್ಪಟೆ ಸಣ್ಣ ಬೀಜಗಳು ತುಂಬಿರುತ್ತವೆ. ಬೆಲಡೋನಾ ಇದಕ್ಕೆ ತದ್ವಿರುದ್ಧ. ಅದರ ಹಣ್ಣು ಎಲೆಯ ಕಂಕುಳಲ್ಲಿ ಒಂಟಿಯಾಗಿ, ದೊಡ್ಡ ಹಸಿರು ನಕ್ಷತ್ರದ ಮೇಲೆ ಕೂತಿರುತ್ತದೆ, ಹೂವು ಕಂದುನೇರಳೆ ಗಂಟೆಯಂತೆ ಜೋತಾಡುತ್ತದೆ.

ನಮ್ಮ ಕಡೆ ನಿಜವಾಗಿ ಭಯಪಡಬೇಕಾದದ್ದು ದತ್ತೂರಿಗೆ. ಉಮ್ಮತ್ತಿ ಎಂದೂ ಕರೆಯುತ್ತಾರೆ. ಹೂ ಬಿಟ್ಟ ದತ್ತೂರಿಯನ್ನು ಯಾರೂ ತಪ್ಪು ತಿಳಿಯುವುದಿಲ್ಲ: ಉದ್ದ ಕಹಳೆಯಂಥ ಹೂವು, ಮುಳ್ಳಿನ ಉಂಡೆಯಂಥ ಕಾಯಿ. ಅಪಾಯ ಇರುವುದು ಗೇಣುದ್ದದ ಎಳೆ ಗಿಡದಲ್ಲಿ. ಅದೂ ಖಾಲಿ ಸೈಟಿನಲ್ಲೇ, ಗೊಬ್ಬರದ ತಿಪ್ಪೆಯ ಅಂಚಿನಲ್ಲೇ, ಗಣಿಕೆಯ ಪಕ್ಕದಲ್ಲೇ, ಅದೇ ಮಳೆಗೆ ಏಳುತ್ತದೆ. ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಹೇಸಿಗೆ ಬರಿಸುವ ವಾಸನೆ. ಎಲೆಯ ಬುಡದಲ್ಲಿ ಒಂದು ಪಕ್ಕ ಮೇಲೆ, ಇನ್ನೊಂದು ಪಕ್ಕ ಕೆಳಗೆ ಸೇರಿರುತ್ತದೆ. ಬೆರಕೆ ಸೊಪ್ಪು ಕೊಯ್ಯುವಾಗ ಕೈ ತಾನಾಗಿ ಓಡುತ್ತಿರುತ್ತದೆ, ಒಂದೆರಡು ದತ್ತೂರಿ ಕುಡಿ ಮಡಿಲಿಗೆ ಬಿದ್ದರೆ ತಿಳಿಯುವುದಿಲ್ಲ. ಇದು ಹಳ್ಳಿಯವರಿಗಷ್ಟೇ ಆಗುವ ಅಚಾತುರ್ಯವಲ್ಲ. 2022ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದಲ್ಲಿ ಪ್ಯಾಕೆಟ್ಟಿನಲ್ಲಿ ಮಾರಿದ ಎಳೆ ಪಾಲಕ್ ತಿಂದವರು ಕಣ್ಣು ಮಂಜಾಗಿ, ಭ್ರಮೆ ಹಿಡಿದು ಆಸ್ಪತ್ರೆ ಸೇರಿದರು. ಹೊಲದಲ್ಲಿ ಕಳೆಯಾಗಿ ಬೆಳೆದ ದತ್ತೂರಿ ಪಾಲಕ್ ಜೊತೆ ಕೊಯ್ಲಾಗಿತ್ತು. ದತ್ತೂರಿಯ ವಿಷ ಬೇಯಿಸಿದರೆ ಹೋಗುವುದಿಲ್ಲ.

ಹಾಗಾಗಿ ಅತ್ತೆಯವರಿಗೆ ನನ್ನ ಒಂದು ಕೋರಿಕೆ ತಲುಪಿಸಿ: ಕೊಯ್ಯುವ ಪ್ರತಿ ಗಿಡದಲ್ಲೂ ಬಿಳಿ ಹೂವೋ ಕಾಯಿಗೊಂಚಲೋ ಕಾಣಬೇಕು. ಕಾಣದ ಗಿಡವನ್ನು ಬಿಟ್ಟು ಮುಂದೆ ಹೋಗಿ. ಅವರು ಇದಕ್ಕೆ ಒಪ್ಪಲಿಕ್ಕಿಲ್ಲ, ಹೂ ಬಿಡುವ ಮುಂಚಿನ ಕುಡಿಯೇ ರುಚಿ ಎನ್ನುತ್ತಾರೆ, ಆ ಮಾತು ನಿಜವೇ. ಹೂ ಬಿಟ್ಟ ಗಿಡದಲ್ಲೂ ತುದಿಯ ನಾಲ್ಕೈದು ಎಲೆ ಎಳೆಯದಾಗಿಯೇ ಇರುತ್ತದೆ, ಅದನ್ನು ಚಿವುಟಿದರೆ ಸಾಕು. 'ಹುಳ ತಿಂದ ಎಲೆಯಲ್ಲಿ ವಿಷ ಇರುವುದಿಲ್ಲ' ಎಂಬ ಮಾತನ್ನು ಮಾತ್ರ ದಯವಿಟ್ಟು ನಂಬಬೇಡಿ. ದತ್ತೂರಿ ಎಲೆಯನ್ನೂ ಹುಳ ಜರಡಿಯಂತೆ ತೂತು ಮಾಡಿ ತಿನ್ನುತ್ತವೆ. ಹಕ್ಕಿ ತಿಂದ ಹಣ್ಣಿನ ವಿಷಯವೂ ಅಷ್ಟೆ.

ಈಗ ಗಣಿಕೆಯದೇ ವಿಷದ ಪ್ರಶ್ನೆ. ವಿಷ ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಸೊಲಾನಿನ್, ಸೊಲಾಸೊನಿನ್, ಸೊಲಾಮಾರ್ಜಿನ್ ಎಂಬ ವಿಷವಸ್ತುಗಳು, ಅಂದರೆ ಗ್ಲೈಕೋಆಲ್ಕಲಾಯ್ಡ್‌ಗಳು ಇದರಲ್ಲಿವೆ. ಹುಳ, ಶಿಲೀಂಧ್ರಗಳಿಂದ ಕಾಪಾಡಿಕೊಳ್ಳಲು ಗಿಡ ಇವನ್ನು ತಯಾರಿಸುತ್ತದೆ. ಬೀಜ ಬಲಿಯುವ ಮುಂಚೆ ಯಾರೂ ಕಾಯಿ ತಿನ್ನಬಾರದು, ಆದ್ದರಿಂದ ಹಸಿರು ಕಾಯಿಯಲ್ಲೇ ಅತಿ ಹೆಚ್ಚು. ಬೀಜ ಬಲಿತ ಮೇಲೆ ಹಕ್ಕಿ ತಿಂದು ಹರಡಬೇಕು, ಆದ್ದರಿಂದ ಹಣ್ಣಾಗುತ್ತ ಬಂದಂತೆ ಇಳಿಯುತ್ತದೆ. ನಾವು ಚಿಕ್ಕಂದಿನಲ್ಲಿ ಕಪ್ಪು ಹಣ್ಣು ತಿಂದು ಜೀರ್ಣಿಸಿಕೊಂಡದ್ದೂ ನಿಮ್ಮ ಮಗ ಹಸಿರು ಕಾಯಿ ತಿಂದು ವಾಂತಿ ಮಾಡಿದ್ದೂ ಒಂದೇ ಗಿಡದ ಎರಡು ಹಂತಗಳು. ಎಲೆಯಲ್ಲಿ ನಡುಮಟ್ಟದಲ್ಲಿರುತ್ತದೆ, ಗಿಡದ ವಯಸ್ಸು, ಮಣ್ಣು, ಹವೆಗೆ ತಕ್ಕಂತೆ ಏರಿಳಿಯುತ್ತದೆ.

ಎಷ್ಟು ಹೆಚ್ಚು ಎನ್ನುವುದಕ್ಕೆ ಅಳತೆ ಸಿಗುವುದು ಆಲೂಗಡ್ಡೆಯಿಂದ. ಅದರಲ್ಲೂ ಇದೇ ಬಗೆಯ ವಸ್ತುಗಳಿವೆ, ಕಿಲೋಗೆ 200 ಮಿಲಿಗ್ರಾಂ ಮೀರಬಾರದು ಎಂಬುದು ಬಹುಕಾಲದಿಂದ ಒಪ್ಪಿಕೊಂಡ ಮಿತಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಮಿಲಿಗ್ರಾಂನಷ್ಟು ಆಲೂಗಡ್ಡೆಯ ಗ್ಲೈಕೋಆಲ್ಕಲಾಯ್ಡ್‌ಗೇ ವಾಕರಿಕೆ, ವಾಂತಿ ಶುರುವಾಗಬಹುದು ಎಂದಿತು. 60 ಕಿಲೋ ತೂಕದ ನಿಮಗೆ ಅದು 60 ಮಿಲಿಗ್ರಾಂ, 15 ಕಿಲೋ ತೂಕದ ಮಗನಿಗೆ ಬರೀ 15. ಅತ್ತೆಗೆ ಏನೂ ಮಾಡದ ಪ್ರಮಾಣ ಮೊಮ್ಮಗನಿಗೆ ಹೊಟ್ಟೆ ಕೆಡಿಸುವುದು ಈ ಲೆಕ್ಕದಿಂದ.

'ಚೆನ್ನಾಗಿ ಕುದಿಸಿದರೆ ವಿಷ ಸಾಯುತ್ತದೆ' ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಕುದಿಯುವ ನೀರಿನ ಶಾಖಕ್ಕೆ ಇವು ಒಡೆಯುವುದಿಲ್ಲ. ಒಂದಷ್ಟು ಪಾಲು ನೀರಿಗೆ ಇಳಿಯುತ್ತದೆ, ಆ ನೀರು ಚೆಲ್ಲಿದರೆ ಹೋಗುತ್ತದೆ. ಇಲ್ಲಿ ನಮ್ಮ ಬಸ್ಸಾರಿನ ವಿಷಯದಲ್ಲಿ ಸ್ವಲ್ಪ ಜಾಗ್ರತೆ ಬೇಕು. ಬಸ್ಸಾರಿನಲ್ಲಿ ಸೊಪ್ಪು, ಬೇಳೆ ಬೆಂದ ನೀರನ್ನು ಬಸಿದು ಆ ಕಟ್ಟಿನಲ್ಲೇ ಸಾರು ಮಾಡುತ್ತೇವೆ, ಅಂದರೆ ಚೆಲ್ಲಬೇಕಾದದ್ದು ತಟ್ಟೆಗೇ ಬರುತ್ತದೆ. ಗಣಿಕೆ ಕಹಿಯಾಗಿದ್ದರೆ ಅದನ್ನು ಬೇರೆ ಪಾತ್ರೆಯಲ್ಲಿ ಎರಡು ಕುದಿ ಬರಿಸಿ, ಆ ಮೊದಲ ನೀರು ಚೆಲ್ಲಿ, ಆಮೇಲೆ ಬೇಳೆಯ ಜೊತೆ ಸೇರಿಸಿ. ತಂಬುಳಿಗೆ ಎಲೆಯನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ ಕಾಯಿತುರಿ ಹಾಕಿ ರುಬ್ಬುವುದರಿಂದ ಚೆಲ್ಲಲು ನೀರೇ ಇರುವುದಿಲ್ಲ. ಆದರೆ ಮನೆಮಂದಿಗೆಲ್ಲ ಸೇರಿ ಹಾಕುವುದು ಒಂದು ಹಿಡಿ ಎಲೆ, ಮಜ್ಜಿಗೆಯಲ್ಲಿ ಕದಡಿ ಒಬ್ಬೊಬ್ಬರಿಗೆ ಒಂದೆರಡು ಸೌಟು. ಅಷ್ಟರಿಂದ ದೊಡ್ಡವರಿಗೆ ತೊಂದರೆಯಿಲ್ಲ.

ಬೆರಕೆ ಸೊಪ್ಪಿನ ರೂಢಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ದಂಟು, ಅಣ್ಣೆ, ಗೋಣಿ, ಗಣಿಕೆ ಎಲ್ಲ ಸ್ವಲ್ಪ ಸ್ವಲ್ಪ ಸೇರುವುದರಿಂದ ಯಾವ ಒಂದು ಎಲೆಯ ಪಾಲೂ ಅತಿಯಾಗುವುದಿಲ್ಲ. ಅತ್ತೆ ಹೇಳುವ 'ಹುಟ್ಟಿದಾಗಿಂದ ತಿಂದಿದ್ದೀವಿ' ಎಂಬ ಮಾತಿಗೆ ತೂಕವಿದೆ. ಕೊಡಗಿನಲ್ಲಿ ಇದು ಕಾಕೆ ತೊಪ್ಪು, ತಮಿಳುನಾಡಿನ ಮಾರುಕಟ್ಟೆಯಲ್ಲಿ ಮಣತ್ತಕ್ಕಾಳಿ, ಕೀನ್ಯಾದಲ್ಲಿ ಇದರ ಬಳಗದ ಗಿಡಗಳನ್ನು ಮನಗು ಎಂಬ ಹೆಸರಿನಲ್ಲಿ ಬೆಳೆದು ಮಾರುತ್ತಾರೆ. ಆದರೆ ಆ ತಿಳಿವಳಿಕೆಯಲ್ಲಿ ಎಳೆ ಎಲೆ ಮಾತ್ರ, ಒಂದು ಹಿಡಿ ಮಾತ್ರ, ಕಹಿಯಾದರೆ ನೀರು ಚೆಲ್ಲು, ಹಸಿ ಕಾಯಿ ಮುಟ್ಟಬೇಡ ಎಂಬ ಕಟ್ಟಳೆಗಳೂ ಸೇರಿದ್ದವು. ಆಯುರ್ವೇದದ ಹಳೆಯ ಗ್ರಂಥಗಳು ಕಾಕಮಾಚಿಯನ್ನು (ಗಣಿಕೆಯ ಸಂಸ್ಕೃತ ಹೆಸರು) ಹೊಗಳುತ್ತಲೇ, ರಾತ್ರಿ ಉಳಿದ ಅದರ ಪಲ್ಯ ತಿನ್ನಬೇಡಿ ಎನ್ನುತ್ತವೆ. ತಮಿಳರು ಹಸಿರು ಕಾಯಿಯನ್ನೇ ಉಪ್ಪು ಮಜ್ಜಿಗೆಯಲ್ಲಿ ನೆನೆಸಿ, ಒಣಗಿಸಿ, ಕರಿದು ಕುಳಂಬು ಎಂಬ ಹುಳಿ ಸಾರಿಗೆ ಹಾಕುತ್ತಾರಲ್ಲ ಎಂದು ನೀವು ಕೇಳಬಹುದು. ಹೌದು, ಅದೊಂದು ಸಂಸ್ಕರಿಸಿದ ಪದಾರ್ಥ, ಊಟಕ್ಕೆ ಒಂದು ಚಮಚ. ಮಗು ಗಿಡದಿಂದ ಕಿತ್ತು ಹಸಿಯಾಗಿ ಅಗಿಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ನನಗೆ ಗಿಡಕ್ಕಿಂತ ಹೆಚ್ಚು ಚಿಂತೆಯಾಗುವುದು ಆ ಜಾಗದ್ದು. ಖಾಲಿ ಸೈಟಿಗೆ ಯಾವಾಗ ಏನು ಹೊಡೆಸಿದ್ದಾರೆ ಎಂದು ಪಕ್ಕದ ಮನೆಯವರಿಗೆ ಯಾರೂ ಹೇಳುವುದಿಲ್ಲ. ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆದ ಕಳೆ ಅಂದೇ ಒಣಗುವುದಿಲ್ಲ. ನಾಲ್ಕೈದು ದಿನ, ಕೆಲವೊಮ್ಮೆ ವಾರದ ಮೇಲೂ ಹಸಿರಾಗಿ ನಿಂತಿರುತ್ತದೆ, ಅಷ್ಟರಲ್ಲಿ ಎಲೆ ನಿಮ್ಮ ಪಾತ್ರೆ ಸೇರಿರುತ್ತದೆ. ಕಟ್ಟಡದ ಅವಶೇಷ, ಹಳೆ ಬಣ್ಣ, ಬ್ಯಾಟರಿ ಸುರಿದ ಮಣ್ಣಿನಿಂದ ಸೀಸ ಸೇರುವ ಸಾಧ್ಯತೆಯಿದೆ. ಚರಂಡಿ ನೀರು ಹರಿಯುವ ಜಾಗವಾದರೆ ರೋಗಾಣುಗಳು. ತೊಳೆದರೆ ಧೂಳು, ಮಣ್ಣು ಹೋಗುತ್ತದೆ. ಎಲೆಯೊಳಕ್ಕೆ ಇಳಿದದ್ದು ಹೋಗುವುದಿಲ್ಲ. ಆ ಸೈಟಿನ ಚರಿತ್ರೆ ನಿಮಗೆ ಗೊತ್ತಿಲ್ಲದಿದ್ದರೆ ಅಲ್ಲಿಂದ ಕೊಯ್ಯುವುದನ್ನು ಇವತ್ತೇ ನಿಲ್ಲಿಸಿ ಎನ್ನುತ್ತೇನೆ. ಕಾಫಿ ತೋಟದಿಂದ ತಂದುಕೊಡುವ ನೆಂಟರನ್ನೂ ಕೊನೆಯ ಸಲ ಕಳೆನಾಶಕ ಹೊಡೆದದ್ದು ಯಾವಾಗ ಎಂದು ಕೇಳಿಯೇ ತೆಗೆದುಕೊಳ್ಳಿ.

ಮಾವನವರ ಹಸಿ ರಸದ ವಿಷಯದಲ್ಲಿ ನನ್ನ ಉತ್ತರ ಬೇಡ ಎಂದೇ. ಗಣಿಕೆಯ ಸಾರ ಪಿತ್ತಜನಕಾಂಗದ ಮೇಲೆ ಏನು ಮಾಡುತ್ತದೆ ಎಂದು ಇಲಿಗಳ ಮೇಲೆ, ಪ್ರಯೋಗಾಲಯದ ಜೀವಕೋಶಗಳ ಮೇಲೆ ಬೇಕಾದಷ್ಟು ಪ್ರಯೋಗ ನಡೆದಿದೆ. ಅದನ್ನೇ ಹಿಡಿದು ವಾಟ್ಸಾಪಿನಲ್ಲಿ ಲಿವರ್ ಕ್ಯಾನ್ಸರಿಗೂ ಮದ್ದು ಎಂದು ಹರಡುತ್ತಾರೆ. ಇಲಿಗೆ ಅಳೆದು ಕೊಟ್ಟ ಸಾರಕ್ಕೂ, ಎಷ್ಟು ಎಲೆ, ಯಾವ ಗಿಡ, ಎಷ್ಟು ಕಹಿ ಎಂದು ಗೊತ್ತಿಲ್ಲದೆ ಮಿಕ್ಸಿಗೆ ಹಾಕಿ ಹಿಂಡಿದ ಲೋಟ ರಸಕ್ಕೂ ಹೋಲಿಕೆಯಿಲ್ಲ. ತಂಬುಳಿಯಲ್ಲಿ ಮನೆಮಂದಿಗೆಲ್ಲ ಹಂಚಿಹೋಗುವ ಎಲೆ ಇಲ್ಲಿ ಒಬ್ಬರ ಹೊಟ್ಟೆಗೆ, ಬೇಯದೆ, ನೀರು ಚೆಲ್ಲದೆ, ದಿನದಿನವೂ ಹೋಗುತ್ತದೆ. ಮೊದಲೇ ಪಿತ್ತಜನಕಾಂಗದ ತೊಂದರೆ ಇರುವವರು, ಔಷಧಿ ತೆಗೆದುಕೊಳ್ಳುತ್ತಿರುವವರು ಇದನ್ನು ಮಾಡಲೇಬಾರದು. ಬಸುರಿಯರು ಮತ್ತು ಎಳೆ ಕೂಸುಗಳಿಗೂ ಗಣಿಕೆ ಬೇಡ. ಬಾಯಿಹುಣ್ಣಾದಾಗ ದೊಡ್ಡವರು ಒಂದೆರಡು ಹೊತ್ತು ತಂಬುಳಿ ಉಣ್ಣುವುದಕ್ಕೆ ನನ್ನ ಅಡ್ಡಿಯಿಲ್ಲ.

ಹಾಗಾದರೆ ಈಗ ಮಾಡುವುದೇನು? ಗಂಡ ಹೇಳುವಂತೆ ಎಲ್ಲ ಕೀಳಿಸಿದರೆ ಮಗುವಿನ ಅಪಾಯ ಸದ್ಯಕ್ಕೆ ತಪ್ಪುತ್ತದೆ. ಆದರೆ ಹಕ್ಕಿಗಳು ಬೀಜ ತರುತ್ತಲೇ ಇರುತ್ತವೆ, ಮುಂದಿನ ಮಳೆಗೆ ಮತ್ತೆ ಏಳುತ್ತದೆ, ಮಗುವಿಗೆ ಗಿಡದ ಪರಿಚಯವೇ ಇಲ್ಲದಂತಾಗುತ್ತದೆ. ಅತ್ತೆ ಹೇಳುವಂತೆ ಹಿಂದಿನ ಹಾಗೇ ನಡೆಸಿಕೊಂಡು ಹೋದರೆ ಕಳೆನಾಶಕದ, ದತ್ತೂರಿಯ ಅಪಾಯ ಉಳಿಯುತ್ತದೆ. ಅಂಗಡಿಯಿಂದ ಕೊಂಡರೆ ಗುರುತಿನ ಚಿಂತೆ ಕಡಿಮೆ, ಎಲ್ಲಿ ಬೆಳೆದದ್ದು ಎಂಬುದು ಮಾತ್ರ ತಿಳಿಯದು.

ನನಗೆ ಸರಿ ಕಾಣುವುದು ಮನೆಯಲ್ಲೇ ಬೆಳೆಯುವುದು. ಗುರುತು ಖಚಿತವಾಗಿರುವ ಒಂದು ಗಿಡದಿಂದ ಕಪ್ಪಾಗಿ ಮೆತ್ತಗಾದ ಹತ್ತು ಹಣ್ಣು ತನ್ನಿ. ನೀರಿನಲ್ಲಿ ಕಿವುಚಿ ತೊಳೆದು ಬೀಜವನ್ನು ಪೇಪರಿನ ಮೇಲೆ ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಅಗಲವಾದ ಕುಂಡದ ಮೇಲೆ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ. ಗೇಣುದ್ದವಾದಾಗ ತುದಿ ಚಿವುಟಿದರೆ ಪಕ್ಕದಿಂದ ಒಡೆಯುತ್ತದೆ, ಮತ್ತೆ ಮತ್ತೆ ಚಿವುಟುತ್ತಿದ್ದರೆ ಹೂ, ಕಾಯಿ ತಡವಾಗಿ ಎಲೆ ಎಳೆಯದಾಗಿಯೇ ಸಿಗುತ್ತದೆ. ನಿಮ್ಮ ಕುಂಡದಲ್ಲಿ ನೀವೇ ಬಿತ್ತಿದ ಗಿಡವಾದ್ದರಿಂದ ಹೂವಿಗೆ ಕಾಯದೆ ಎಳೆ ಕುಡಿ ಕೊಯ್ಯಬಹುದು. ಮೊದಲ ಸಲ ಮಾತ್ರ ಒಂದು ಗಿಡವನ್ನು ಹೂ ಬಿಡುವವರೆಗೆ ಬಿಟ್ಟು, ಬೇರೆ ಯಾವುದೂ ಬೆರೆತಿಲ್ಲ ಎಂದು ನೋಡಿಕೊಳ್ಳಿ. ಕುಂಡವನ್ನು ಮಗನ ಕೈಗೆಟುಕದ ಎತ್ತರದಲ್ಲಿಡಿ, ಅಥವಾ ಹಸಿರು ಕಾಯಿಗೊಂಚಲು ಕಂಡ ಕೂಡಲೇ ಚಿವುಟಿಹಾಕಿ.

ಮಗನಿಗೆ ಈ ವರ್ಷ ಗಣಿಕೆಯ ಅಡುಗೆಯೇ ಬೇಡ. ಮುಂದೆ ಕೊಟ್ಟರೂ ಬೆರಕೆ ಸೊಪ್ಪಿನ ಪಲ್ಯದಲ್ಲಿ ಎರಡು ತುತ್ತು ಸಾಕು. ಪಕ್ಕದ ಸೈಟಿನಲ್ಲಿ ನಿಮ್ಮ ಕಾಂಪೌಂಡಿಗೆ ತಾಗಿದ, ಅವನ ಕೈಗೆ ಸಿಗುವ ಗಿಡಗಳನ್ನು ಈ ವಾರವೇ ಕಿತ್ತುಹಾಕಿಸಿ. ಕೀಳುವಾಗ ನಡುವೆ ಎಳೆ ದತ್ತೂರಿ ಇದೆಯೇ ಎಂದು ಅತ್ತೆಯವರೇ ನಿಂತು ನೋಡಲಿ. ಅನುಮಾನ ಬಂದ ಗಿಡವನ್ನು ಬೇರು ಸಮೇತ ಪೇಪರಿನ ಮೇಲಿಟ್ಟು, ಎಲೆಯ ಮುಂದೆ ಹಿಂದೆ, ಬುಡ, ಕಾಂಡ ಎಲ್ಲ ಕಾಣುವಂತೆ ಫೋಟೊ ತೆಗೆದು ಕಳಿಸಿದರೆ ನೋಡಿ ಹೇಳುತ್ತೇನೆ.